ಹಳೆಯ ಬಿಎಂಡಬ್ಲ್ಯು ಬಾಕ್ಸರ್ ಬೈಕಿಗೆ ಬಿಡಿಭಾಗ: ಕಾರ್ಖಾನೆಯ ಕ್ಯಾಟಲಾಗು, ಅಂಚೆಯಲ್ಲಿ ಕಳಿಸುವ ಅಂಗಡಿ, ಮನ್ಹೈಮ್‌ನ ಸಂತೆ

ಹಳೆಯ ಜರ್ಮನ್ ಮೋಟಾರ್ ಸೈಕಲ್ಲುಗಳ ಬಿಡಿಭಾಗ ಮಾರುವವರನ್ನು ಉಗ್ರಾಣದ ಗಾತ್ರದಿಂದ ಅಳೆಯುವುದಕ್ಕಿಂತ, ದುಡ್ಡು ಪಡೆಯುವ ಮೊದಲು ಅವರು ಗಿರಾಕಿಯನ್ನು ಏನೇನು ಕೇಳುತ್ತಾರೆ ಎಂಬುದರಿಂದ ಅಳೆಯುವುದು ಲೇಸು. ಎಂಜಿನ್ನಿನ ಎರಡು ಸಿಲಿಂಡರುಗಳು ಎಡಕ್ಕೊಂದು ಬಲಕ್ಕೊಂದು ಚಾಚಿಕೊಂಡಿರುವ ಬಿಎಂಡಬ್ಲ್ಯು ಬಾಕ್ಸರ್ ಬೈಕುಗಳ ಮಟ್ಟಿಗಂತೂ ಭಾಗ ಸಿಗುವುದು ಇವತ್ತು ದೊಡ್ಡ ಕಷ್ಟವಲ್ಲ. ತನ್ನ ಬೈಕಿಗೆ ಬೇಕಾದ ಭಾಗ ಯಾವುದೆಂದು ಖಚಿತವಾಗಿ ತಿಳಿದುಕೊಳ್ಳುವುದೇ ಕಷ್ಟ. ಅದನ್ನು ತಿಳಿಯಲು ಯಾರು ಎಷ್ಟು ನೆರವಾಗುತ್ತಾರೆ ಎಂಬ ಒಂದೇ ಅಳತೆಗೋಲನ್ನು ಇಟ್ಟುಕೊಂಡು ಮೂರು ದಾರಿಗಳನ್ನು ಇಲ್ಲಿ ಪರಿಶೀಲಿಸಿದ್ದೇನೆ: ಬಿಎಂಡಬ್ಲ್ಯು ಕಂಪನಿಯದೇ ಆದ ಬಿಡಿಭಾಗಗಳ ಕ್ಯಾಟಲಾಗು ಮತ್ತು ದಾಖಲೆ ವಿಭಾಗ, ದಕ್ಷಿಣ ಜರ್ಮನಿಯಲ್ಲಿ ಹಳೆಯ ಬಾಕ್ಸರ್‌ಗಳಿಗೆಂದೇ ಇರುವ ಒಂದು ಅಂಗಡಿ, ಮತ್ತು ಮನ್ಹೈಮ್‌ನಲ್ಲಿ ನಡೆಯುವ ವೆಟೆರಾಮಾ ಎಂಬ ಹಳೆಯ ವಾಹನಗಳ ಸಂತೆ.

ಪರೀಕ್ಷೆಗೆ ಒಡ್ಡಿದ ಬೈಕುಗಳು ಎರಡು. ಒಂದು ಆರ್ 60/2. ಇದು 1960ರಿಂದ 1969ರವರೆಗೆ ಮ್ಯೂನಿಕ್‌ನಲ್ಲಿ ತಯಾರಾದ, 594 ಸಿಸಿಯ, 30 ಅಶ್ವಶಕ್ತಿಯ, ಮುಂದೆ ಅರ್ಲ್ಸ್ ಫೋರ್ಕ್ (ಚಕ್ರದ ಹಿಂದಿನ ಕೀಲಿನ ಮೇಲೆ ಆಡುವ ತೋಳಿನ ಫೋರ್ಕ್) ಇರುವ, ಆರು ವೋಲ್ಟಿನ ಬೈಕು. ಇನ್ನೊಂದು ಆರ್ 75/5. ಇದು 1969ರಿಂದ 1973ರವರೆಗೆ ಬರ್ಲಿನ್‌ನ ಸ್ಪಾಂಡೌ ಕಾರ್ಖಾನೆಯಲ್ಲಿ ತಯಾರಾದ, 745 ಸಿಸಿಯ, 50 ಅಶ್ವಶಕ್ತಿಯ, ಟೆಲಿಸ್ಕೋಪಿಕ್ ಫೋರ್ಕ್, ಹನ್ನೆರಡು ವೋಲ್ಟ್ ಮತ್ತು ಸೆಲ್ಫ್ ಸ್ಟಾರ್ಟ್ ಇರುವ ಬೈಕು. ಒಂದೇ ಕಂಪನಿಯ ಲಾಂಛನ ಹೊತ್ತಿದ್ದರೂ ಇವೆರಡರ ನಡುವೆ ಹಂಚಿಕೊಳ್ಳುವಂಥ ಭಾಗಗಳು ಬಹಳ ಕಡಿಮೆ. ಅದಕ್ಕಿಂತ ಮುಖ್ಯವಾಗಿ, ಒಂದಕ್ಕೆ ಒಪ್ಪುವ ಹುಡುಕಾಟದ ವಿಧಾನ ಇನ್ನೊಂದಕ್ಕೆ ಒಪ್ಪುವುದಿಲ್ಲ.

ಬಿಎಂಡಬ್ಲ್ಯು ಇಟ್ಟುಕೊಂಡವರು ಪುಣ್ಯವಂತರು ಎಂಬುದನ್ನು ಮೊದಲೇ ಹೇಳಿಬಿಡಬೇಕು. ಬಾಟ್ ಹೋಂಬುರ್ಗ್‌ನ ಹೋರೆಕ್ಸ್, ಫ್ರಾಂಕ್‌ಫರ್ಟಿನ ಆಡ್ಲರ್, ನೆಕಾರ್ಸುಲ್ಮ್‌ನ ಎನ್‌ಎಸ್‌ಯು ಇವೆಲ್ಲ ಬೈಕು ತಯಾರಿಸುವುದನ್ನು ಎಂದೋ ನಿಲ್ಲಿಸಿದವು; ತ್ಸುಂಡಾಪ್ 1984ರಲ್ಲಿ ದಿವಾಳಿಯೆದ್ದು ಅದರ ಯಂತ್ರಸಾಮಗ್ರಿ ಚೀನಾಕ್ಕೆ ಹೋಯಿತು. ಅಂಥ ಬೈಕುಗಳ ಒಡೆಯರಿಗೆ ಕಾರ್ಖಾನೆಯ ಕ್ಯಾಟಲಾಗು ಎಂದರೆ ಹಳದಿಗಟ್ಟಿದ ಪುಸ್ತಕವೇ ಹೊರತು ಅದರಲ್ಲಿರುವ ನಂಬರು ಹೇಳಿದರೆ ಸರಕು ಕೊಡುವ ಕೌಂಟರ್ ಇಲ್ಲ. ನಮ್ಮ ದೇಶದಲ್ಲಿ ಎನ್‌ಫೀಲ್ಡ್ ಫ್ಯೂರಿ ಉಳಿಸಿಕೊಂಡವರಿಗೆ ಈ ಮಾತು ಹೆಚ್ಚು ಅರ್ಥವಾದೀತು, ಏಕೆಂದರೆ ಆ ಬೈಕಿನ ಮೂಲ ತ್ಸುಂಡಾಪ್ ಕಂಪನಿಯ ಕೆಎಸ್ 175.

ಬಿಎಂಡಬ್ಲ್ಯು ಕಂಪನಿಯ ಹಳೆಯ ವಾಹನಗಳ ವಿಭಾಗ ಮ್ಯೂನಿಕ್‌ನ ಮೋಸಾಖರ್ ರಸ್ತೆಯಲ್ಲಿ, ಕಂಪನಿಯ ಮೊದಲ ಕಾರ್ಖಾನೆ ಇದ್ದ ಜಾಗದಲ್ಲಿದೆ. ಬಿಡಿಭಾಗಕ್ಕೆ ಕೈಹಾಕುವ ಮೊದಲು ಅಲ್ಲಿನ ದಾಖಲೆ ವಿಭಾಗಕ್ಕೆ ಫ್ರೇಮ್ ನಂಬರು ಬರೆದು ಕೇಳುವುದು ನನ್ನ ಮೊದಲ ಸಲಹೆ. ಬೈಕು ಯಾವ ದಿನ ತಯಾರಾಯಿತು, ಯಾವ ದಿನ ಯಾವ ವ್ಯಾಪಾರಿಗೆ ಅಥವಾ ಯಾವ ದೇಶದ ಆಮದುದಾರರಿಗೆ ತಲುಪಿತು ಎಂಬುದನ್ನು ಅವರು ಪತ್ರದಲ್ಲಿ ತಿಳಿಸುತ್ತಾರೆ. ಅಮೆರಿಕಕ್ಕೆ ಹೋದ ಬೈಕಾದರೆ ಅಲ್ಲಿನ ಆಮದುದಾರರಾಗಿದ್ದ ಬಟ್ಲರ್ ಅಂಡ್ ಸ್ಮಿತ್ ಸಂಸ್ಥೆಯ ಹೆಸರು ಕಾಣಿಸುವುದು ಸಾಮಾನ್ಯ. ಇದು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ಕಾಗದವಷ್ಟೇ ಅಲ್ಲ. ಒಂಬತ್ತು ವರ್ಷ ತಯಾರಾದ ಮಾದರಿಯೊಂದರಲ್ಲಿ ನಡುನಡುವೆ ಎಷ್ಟೋ ಭಾಗಗಳು ಬದಲಾಗಿರುವುದರಿಂದ, ತಯಾರಿಕೆಯ ದಿನಾಂಕ ಗೊತ್ತಿಲ್ಲದೆ ಕ್ಯಾಟಲಾಗಿನ ಮುಂದೆ ಕುಳಿತವನು ಪ್ರತಿ ಸಾಲಿನಲ್ಲೂ ಊಹೆ ಮಾಡುತ್ತ ಹೋಗಬೇಕಾಗುತ್ತದೆ.

ಈ ಬೈಕುಗಳು ಕಾರ್ಖಾನೆಯಿಂದ ಹೊರಬಂದಾಗ ಫ್ರೇಮಿನ ನಂಬರು ಮತ್ತು ಎಂಜಿನ್ನಿನ ನಂಬರು ಒಂದೇ ಆಗಿರುತ್ತಿದ್ದವು. ಎರಡೂ ಹೊಂದಿದರೆ ಅರ್ಧ ಕೆಲಸ ಮುಗಿದಂತೆ. ಹೊಂದದಿದ್ದರೆ ಎಂಜಿನ್ ಒಂದು ಕಾಲದ್ದು, ಫ್ರೇಮ್ ಇನ್ನೊಂದು ಕಾಲದ್ದು ಎಂದು ಒಪ್ಪಿಕೊಂಡು ಎರಡಕ್ಕೂ ಬೇರೆ ಬೇರೆ ಪಟ್ಟಿ ಮಾಡಿಕೊಳ್ಳಬೇಕು. ಈ ಎಚ್ಚರ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗುವುದು ಆರ್ 69 ಎಸ್ ವಿಷಯದಲ್ಲಿ. ಒಟ್ಟು 11,317 ತಯಾರಾದ, 42 ಅಶ್ವಶಕ್ತಿಯ ಈ ಬೈಕಿಗೂ ನನ್ನ ಬಡ ಆರ್ 60/2ಕ್ಕೂ ಬೋರ್ (ಸಿಲಿಂಡರಿನ ಒಳವ್ಯಾಸ) 72 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 73 ಮಿ.ಮೀ.; ಹೀಗಾಗಿ ಆರ್ 60/2ಕ್ಕೆ ದೊಡ್ಡಣ್ಣನ ಸಿಲಿಂಡರ್, ಹೆಡ್ ಮತ್ತು ಎರಡು ದಪ್ಪ ಏಣುಗಳಿರುವ ವಾಲ್ವ್ ಕವರ್ ತೊಡಿಸಿ ದೊಡ್ಡ ಬೆಲೆಗೆ ಮಾರುವುದು ಹಳೆಯ ಚಾಳಿ. ಆರ್ 69 ಎಸ್ ನಂಬರುಗಳು 655 ಸಾವಿರದಿಂದ 666 ಸಾವಿರದ ಆಸುಪಾಸಿನವರೆಗೆ ಮಾತ್ರ ಓಡುತ್ತವೆ ಎಂಬುದನ್ನು ಬಲ್ಲವನನ್ನು ವಾಲ್ವ್ ಕವರ್ ತೋರಿಸಿ ಮರುಳು ಮಾಡಲಾಗದು. ಭಾಗ ಕೊಳ್ಳುವವರಿಗೂ ಇದರಲ್ಲಿ ಪಾಠವಿದೆ. ಹೊರಗಿನಿಂದ ಕಾಣುವ ಕವರನ್ನು ನೋಡಿ ಒಳಗಿನ ವಾಲ್ವು, ಪಿಸ್ಟನ್ನು ಆರ್ಡರ್ ಮಾಡಿದರೆ ಬಂದ ಪೊಟ್ಟಣ ಹಾಗೆಯೇ ವಾಪಸು ಹೋಗುತ್ತದೆ.

ಇನ್ನು ಕ್ಯಾಟಲಾಗು. ಬಿಎಂಡಬ್ಲ್ಯು ಬಿಡಿಭಾಗದ ನಂಬರಿನಲ್ಲಿ ಹನ್ನೊಂದು ಅಂಕಿಗಳಿರುತ್ತವೆ. ಮೊದಲೆರಡು ಮುಖ್ಯ ಗುಂಪು, ಮುಂದಿನೆರಡು ಉಪಗುಂಪು, ಉಳಿದ ಏಳು ಆ ಭಾಗದ ಸ್ವಂತ ಗುರುತು. 11 ಎಂದರೆ ಎಂಜಿನ್, 13 ಇಂಧನ, 18 ಸೈಲೆನ್ಸರ್, 21 ಕ್ಲಚ್, 23 ಗೇರ್ ಬಾಕ್ಸ್, 31 ಮುಂದಿನ ಫೋರ್ಕ್, 33 ಹಿಂದಿನ ಡ್ರೈವ್ (ಶಾಫ್ಟಿನ ತಿರುಗುವಿಕೆಯನ್ನು ಹಿಂಚಕ್ರಕ್ಕೆ ಮುಟ್ಟಿಸುವ ಹಲ್ಲುಚಕ್ರಗಳ ಪೆಟ್ಟಿಗೆ), 36 ಚಕ್ರ, 61 ವಿದ್ಯುತ್, 62 ಮೀಟರುಗಳು, 63 ದೀಪ. ನಟ್ಟು, ಬೋಲ್ಟು, ವಾಷರುಗಳಂಥ ಸಾಮಾನ್ಯ ವಸ್ತುಗಳು 07ರಲ್ಲಿ. ಸ್ವಲ್ಪ ದಿನ ಬಳಸಿದರೆ ಈ ಗುಂಪುಗಳು ಬಾಯಿಪಾಠವಾಗುತ್ತವೆ. ಆಮೇಲೆ ಯಾವುದೋ ಹಳೆಯ ಪೊಟ್ಟಣದ ಮೇಲೆ ಮಾಸಿದ ನಂಬರೊಂದು ಕಂಡರೂ ಅದು ಗೇರ್ ಬಾಕ್ಸಿನ ಒಳಗಿನದೋ ಹ್ಯಾಂಡಲ್ಲಿನ ಮೇಲಿನದೋ ಎಂದು ಪೊಟ್ಟಣ ಬಿಚ್ಚದೆ ಹೇಳಬಹುದು. ಬಿಡಿಸಿಟ್ಟ ಭಾಗಗಳ ರೇಖಾಚಿತ್ರ, ಪ್ರತಿ ಭಾಗಕ್ಕೂ ಕ್ರಮಾಂಕ, ಎಷ್ಟು ಬೇಕೆಂಬ ಸಂಖ್ಯೆ, ಯಾವ ತಿಂಗಳಿನಿಂದ ಯಾವ ತಿಂಗಳಿನವರೆಗೆ ಎಂಬ ಟಿಪ್ಪಣಿ, ಇಷ್ಟು ಶಿಸ್ತಿನ ಕ್ಯಾಟಲಾಗನ್ನು ಅರ್ಧ ಶತಮಾನದ ಹಿಂದಿನ ಬೈಕಿಗೆ ಇಂದೂ ಜೀವಂತವಾಗಿಟ್ಟಿರುವುದಕ್ಕೆ ಕಂಪನಿಯನ್ನು ಮೆಚ್ಚಲೇಬೇಕು.

ಆರ್ 75/5ರ ಮಟ್ಟಿಗೆ ಈ ವ್ಯವಸ್ಥೆ ಬಹುಮಟ್ಟಿಗೆ ಕೈಬಿಡುವುದಿಲ್ಲ. ಗ್ಯಾಸ್ಕೆಟ್, ಆಯಿಲ್ ಸೀಲು, ಕ್ಲಚ್ ಪ್ಲೇಟು, ಕೇಬಲ್ಲು, ಪೇಪರ್ ಆಯಿಲ್ ಫಿಲ್ಟರು ಇಂಥವು ಇಂದಿನ ಬೈಕಿಗೆ ಕೇಳಿದಷ್ಟೇ ಸಲೀಸಾಗಿ ಡೀಲರ್ ಕೌಂಟರಿನಲ್ಲಿ ಸಿಗುತ್ತವೆ. ಆದರೆ ಈ ಮಾದರಿಯಲ್ಲೂ ಒಂದು ಹಳ್ಳವಿದೆ. 1973ರ ಮಾದರಿ ವರ್ಷದಲ್ಲಿ ಹಿಂದಿನ ಸ್ವಿಂಗ್ ಆರ್ಮನ್ನು, ಅಂದರೆ ಹಿಂಚಕ್ರವನ್ನು ಹಿಡಿದಿರುವ ತೋಳನ್ನು, 50 ಮಿ.ಮೀ. ಉದ್ದ ಮಾಡಿದರು, ಮೊದಮೊದಲು ಹೊಸದನ್ನೇ ಮಾಡುವ ಬದಲು ಹಳೆಯದರ ನಡುವೆ ತುಂಡೊಂದನ್ನು ವೆಲ್ಡ್ ಮಾಡಿಯೇ ಉದ್ದ ಮಾಡಿದ್ದರಿಂದ ಆ ಬೆಸುಗೆ ಇಂದಿಗೂ ಕಣ್ಣಿಗೆ ಕಾಣುತ್ತದೆ. ಸ್ವಿಂಗ್ ಆರ್ಮ್ ಉದ್ದವಾದದ್ದೇ ಒಳಗಿನ ಡ್ರೈವ್ ಶಾಫ್ಟ್, ಬ್ರೇಕ್ ರಾಡ್, ಸೀಟು ಎಲ್ಲವೂ ಬದಲಾದವು. ಕ್ಯಾಟಲಾಗಿನ ದಿನಾಂಕವನ್ನು ನಂಬುವುದಕ್ಕಿಂತ ಬೈಕಿನ ಪಕ್ಕ ಮಂಡಿಯೂರಿ ಆ ಬೆಸುಗೆ ಇದೆಯೇ ಎಂದು ನೋಡಿಬಿಡುವುದು ಒಳ್ಳೆಯದು, ಏಕೆಂದರೆ ಐವತ್ತು ವರ್ಷಗಳಲ್ಲಿ ಯಾರು ಯಾವ ಬೈಕಿನ ಹಿಂಭಾಗವನ್ನು ಯಾವುದಕ್ಕೆ ಜೋಡಿಸಿದ್ದಾರೋ ದಾಖಲೆಗೆ ಗೊತ್ತಿರುವುದಿಲ್ಲ. ಕೌಂಟರಿನಲ್ಲಿ ಕುಳಿತವರು ಇದನ್ನು ತಾವಾಗಿ ಕೇಳುವುದಿಲ್ಲ. ನಂಬರು ಕೊಟ್ಟರೆ ಆ ನಂಬರಿನ ವಸ್ತು ಕೊಡುತ್ತಾರೆ, ಅಷ್ಟೇ. ನನ್ನ ಅಳತೆಗೋಲಿನಲ್ಲಿ ಕಂಪನಿಯ ಕೌಂಟರ್ ಅಂಕ ಕಳೆದುಕೊಳ್ಳುವುದು ಇಲ್ಲಿ.

ಆರ್ 60/2ಕ್ಕೆ ಬಂದರೆ ಕ್ಯಾಟಲಾಗಿನ ಇನ್ನೂ ಕೆಲವು ಮಿತಿಗಳು ಕಾಣುತ್ತವೆ. ಆರ್ 50ರಿಂದ ಆರ್ 69 ಎಸ್‌ವರೆಗಿನ ಬೈಕುಗಳು ಒಂದೇ ಕುಟುಂಬದವಾದ್ದರಿಂದ ಚಿತ್ರಗಳೂ ಬಹುತೇಕ ಒಂದೇ ಬಗೆಯವು, ಚಿತ್ರ ನೋಡಿದರೆ ಎಲ್ಲ ಭಾಗವೂ ತನ್ನದೇ ಎನಿಸುತ್ತದೆ. ಎರಕದ ಭಾಗದ ಮೇಲೆ ಉಬ್ಬಿ ಮೂಡಿರುವ ಸಂಖ್ಯೆ ಅಚ್ಚಿನದಾಗಿರಬಹುದು, ಅದನ್ನೇ ಆರ್ಡರ್ ಮಾಡುವ ನಂಬರೆಂದು ಭಾವಿಸಬಾರದು. ಜೊತೆಗೆ ಹಳೆಯ ನಂಬರನ್ನು ರದ್ದು ಮಾಡಿ ಹೊಸ ನಂಬರು ಕೊಟ್ಟಿರುವ ಕಡೆ, ಹೊಸ ಭಾಗ ಕೆಲಸಕ್ಕೆ ಒಪ್ಪಿದರೂ ನೋಟಕ್ಕೆ ಒಪ್ಪಲೇಬೇಕೆಂದೇನೂ ಇಲ್ಲ. ಓಡಿಸುವವನಿಗೆ ಇದು ದೋಷವಲ್ಲ, ಕಾರ್ಖಾನೆಯಿಂದ ಬಂದಂತೆಯೇ ಕಾಣಬೇಕೆನ್ನುವವನಿಗೆ ದೋಷ.

ನೋಟದ ಮಾತು ಬಂದಾಗ ಬೋಲ್ಟುಗಳ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಏಕೆಂದರೆ ಬೈಕೊಂದನ್ನು ಎಷ್ಟು ತಿಳಿದು ಜೋಡಿಸಿದ್ದಾರೆ ಎಂಬುದು ಪೇಂಟಿಗಿಂತ ಮೊದಲು ಬೋಲ್ಟಿನಲ್ಲಿ ಬಯಲಾಗುತ್ತದೆ. ಹಳೆಯ ಜರ್ಮನ್ ಡಿಐಎನ್ ಮಾನದಂಡದ ಎಂ10 (10 ಮಿ.ಮೀ. ದಪ್ಪದ) ಬೋಲ್ಟಿನ ತಲೆಗೆ 17ರ ಸ್ಪ್ಯಾನರ್ ಬೇಕು, ಇಂದಿನ ಐಎಸ್‌ಒ ಮಾನದಂಡದ್ದಕ್ಕೆ 16ರದು. ಎಂ12 ಆದರೆ 19ರ ಬದಲು 18. ಹೀಗಾಗಿ ಬೈಕಿನ ಜೊತೆ ಬಂದ ಟೂಲ್ ಕಿಟ್ಟಿನ ಸ್ಪ್ಯಾನರು ಹೊಸ ಬೋಲ್ಟಿನ ಮೇಲೆ ಸಡಿಲವಾಗಿ ತಿರುಗುತ್ತದೆ. ತಲೆಯ ಮೇಲಿನ ಗುರುತನ್ನೂ ಓದಬೇಕು. ಹಳೆಯ ಪದ್ಧತಿಯಲ್ಲಿ ಬಲದ ದರ್ಜೆಯನ್ನು 8ಜಿ, 10ಕೆ ಎಂದು ಬರೆಯುತ್ತಿದ್ದರು, ಆಮೇಲೆ ಅದೇ 8.8, 10.9 ಆಯಿತು. ವೆರ್ಬುಸ್ ಎಂಬ ತಯಾರಕರ ಗುರುತಿನ ಜೊತೆ 8ಜಿ ಎಂದಿರುವ ಬೋಲ್ಟು ಆ ಕಾಲದ್ದೇ ಎಂದು ಧೈರ್ಯವಾಗಿ ನಂಬಬಹುದು; 8.8 ಎಂದಿರುವ ಹೊಳೆಯುವ ಬೋಲ್ಟು 1962ರ ಬೈಕಿನ ಮೇಲೆ ಕಂಡರೆ ಅದನ್ನು ಆಮೇಲೆ ಯಾರೋ ಹಾಕಿದ್ದಾರೆ. ಸುರಕ್ಷತೆಗೆ ಎರಡೂ ಒಂದೇ. ಆದರೂ ಹಳೆಯ ಬೋಲ್ಟುಗಳನ್ನು ಎಸೆಯದೆ, ಎಳೆ ಸರಿಯಿದ್ದರೆ ತೊಳೆದು ಮತ್ತೆ ಸತುವಿನ ಲೇಪ ಮಾಡಿಸಿಕೊಳ್ಳುವುದನ್ನೇ ನಾನು ಇಷ್ಟಪಡುತ್ತೇನೆ. ಬೋಲ್ಟು ಮಾರುವ ಯಾವ ಅಂಗಡಿಯೂ ಈ ಸಲಹೆ ಕೊಡುವುದಿಲ್ಲ.

ಬಿಎಂಡಬ್ಲ್ಯು ಎಂದು ಕರೆಯುವ ಬೈಕಿನ ಎಷ್ಟೋ ಭಾಗಗಳು ಬಿಎಂಡಬ್ಲ್ಯು ತಯಾರಿಸಿದವಲ್ಲ ಎಂಬುದೇ ಬಿಡಿಭಾಗ ಹುಡುಕುವವರಿಗೆ ದೊಡ್ಡ ಅನುಕೂಲ. ಕಾರ್ಬ್ಯುರೇಟರ್ ನ್ಯೂರೆಂಬರ್ಗ್‌ನ ಬಿಂಗ್, ಲಿವರುಗಳು ಬಾಟ್ ಉರಾಖ್‌ನ ಮಗುರಾ, ವಿದ್ಯುತ್ ಭಾಗಗಳು ಬಾಷ್, ಹ್ಯಾಂಡಲ್ ತುದಿಯ ಇಂಡಿಕೇಟರ್ ಹೆಲ್ಲಾ, ಸೀಟು ಡೆನ್‌ಫೆಲ್ಡ್ ಅಥವಾ ಪಗುಸಾ. ಈ ಪ್ರತಿಯೊಂದು ಕಂಪನಿಗೂ ತನ್ನದೇ ನಂಬರಿನ ಪದ್ಧತಿ ಇತ್ತು, ಅದನ್ನು ಓದಲು ಬಂದರೆ ಬಿಎಂಡಬ್ಲ್ಯು ಕ್ಯಾಟಲಾಗಿನ ಹಂಗೇ ಬೇಡ. ಬಿಂಗ್ ಕಾರ್ಬ್ಯುರೇಟರಿನ ಮೇಲೆ 64/32/9 ಎಂದಿದ್ದರೆ ಮೊದಲನೆಯದು ವಿನ್ಯಾಸ, ಎರಡನೆಯದು ಮಿಲಿಮೀಟರಿನಲ್ಲಿ ಗಂಟಲಿನ ಅಳತೆ, ಮೂರನೆಯದು ಅದು ಹೋಗಬೇಕಾದ ನಿರ್ದಿಷ್ಟ ಬೈಕು ಮತ್ತು ಮಗ್ಗುಲು. ಜೊತೆಯದರ ಮೇಲೆ 64/32/10 ಇರಬೇಕು. ಆರ್ 75/5ಕ್ಕೆ ನಿರ್ವಾತದಿಂದ ಏಳುವ ಸ್ಲೈಡ್ ಇರುವ ಈ 64ರ ವಿನ್ಯಾಸ, ಅದೇ ಕಾಲದ ಆರ್ 50/5 ಮತ್ತು ಆರ್ 60/5ಕ್ಕೆ ನೇರವಾಗಿ ಕೇಬಲ್ ಎಳೆಯುವ 26 ಮಿ.ಮೀ. ವಿನ್ಯಾಸ. ಎರಡು ಬಗೆಯ ಜೆಟ್ಟು, ಡಯಾಫ್ರಾಮುಗಳನ್ನು ಬೆರೆಸಿ ಕಿಟ್ ಎಂದು ಮಾರುವವರಿಂದ ದೂರವಿರಬೇಕು.

ಬಾಷ್ ಕಂಪನಿಯ ಹಳೆಯ ಪದ್ಧತಿಯಂತೂ ಓದುವವರಿಗೆ ಹಬ್ಬ. ಆರ್ 60/2ರ ಡೈನಮೋ ಮೇಲೆ 60/6/1700 ಎಂಬ ಸಂಖ್ಯೆಗಳು ಕಾಣುತ್ತವೆ: 60 ವ್ಯಾಟ್, 6 ವೋಲ್ಟ್, ನಿಮಿಷಕ್ಕೆ 1700 ಸುತ್ತು. ಕೊನೆಯಲ್ಲಿರುವ ಅಕ್ಷರ ತಿರುಗುವ ದಿಕ್ಕನ್ನು ಹೇಳುತ್ತದೆ. ಇಷ್ಟು ತಿಳಿದರೆ ಬೇರೆ ಕಂಪನಿಯ ಬೈಕಿನಿಂದ ಬಿಚ್ಚಿದ ಡೈನಮೋ ನಮಗೆ ಒಪ್ಪುವುದೋ ಇಲ್ಲವೋ ಎಂಬ ಮೊದಲ ಜರಡಿ ಹಿಡಿದಂತಾಯಿತು. ಸ್ಪಾರ್ಕ್ ಪ್ಲಗ್ಗಿನಲ್ಲಿ ಮಾತ್ರ ಎಚ್ಚರ ಬೇಕು. ಹಳೆಯ ಬಾಷ್ ಪದ್ಧತಿಯಲ್ಲಿ ಸಂಖ್ಯೆ ದೊಡ್ಡದಾದಷ್ಟೂ ಪ್ಲಗ್ಗು ತಂಪು (ಅಂದರೆ ಬಿಸಿಯನ್ನು ಬೇಗ ಹೊರಹಾಕುವಂಥದು), ಈಗಿನ ಪದ್ಧತಿಯಲ್ಲಿ ಸಂಖ್ಯೆ ಚಿಕ್ಕದಾದಷ್ಟೂ ತಂಪು. ಹಳೆಯ 175 ಈಗಿನ 7, ಹಳೆಯ 225 ಈಗಿನ 5. ಬೈಕಿನ ಹಳೆಯ ಕೈಪಿಡಿಯ ಸಂಖ್ಯೆ ಹಿಡಿದುಕೊಂಡು ಅಂದಾಜಿನ ಮೇಲೆ ಹೊಸ ಪ್ಲಗ್ಗು ಕೊಂಡರೆ ಪಿಸ್ಟನ್ನಿಗೆ ತೊಂದರೆ.

ಬೇರಿಂಗುಗಳ ವಿಷಯ ಇನ್ನೂ ಸುಲಭ, ಜೇಬಿಗೂ ಹಿತ. ಚಕ್ರದ ಟೇಪರ್ ರೋಲರ್ ಬೇರಿಂಗಿನ ಮೇಲೆ 30203 ಎಂದು ಕೊರೆದಿದ್ದರೆ, ಕೊನೆಯ 03 ಒಳವ್ಯಾಸ 17 ಮಿ.ಮೀ. ಎಂಬುದರ ಸೂಚನೆ, 04ರಿಂದ ಮುಂದೆ ಆ ಅಂಕಿಯನ್ನು ಐದರಿಂದ ಗುಣಿಸಿದರೆ ಒಳವ್ಯಾಸ ಸಿಗುತ್ತದೆ, ಹೀಗೆ 6207 ಎಂದರೆ 35 ಮಿ.ಮೀ. ಇದು ಜಗತ್ತಿಗೆಲ್ಲ ಒಂದೇ ಲೆಕ್ಕ. ಹೆಸರುವಾಸಿ ಕಂಪನಿಯ ಬೇರಿಂಗನ್ನು ಬೇರಿಂಗ್ ಅಂಗಡಿಯಲ್ಲೇ ಕೊಳ್ಳಬಹುದು, ಬೈಕ್ ಕಂಪನಿಯ ಪೊಟ್ಟಣಕ್ಕೆ ಹೆಚ್ಚು ತೆರಬೇಕಾಗಿಲ್ಲ. ಆದರೆ ನಂಬರಿನ ಹಿಂದಿರುವ ಸಿ3 ಮುಂತಾದ ಬಾಲವನ್ನು ಬಿಟ್ಟು ಓದಬಾರದು, ಅದು ಒಳಗಿನ ಸಡಿಲವನ್ನು ಹೇಳುತ್ತದೆ. ಕ್ರ್ಯಾಂಕ್ ಶಾಫ್ಟಿನ ಬೇರಿಂಗುಗಳಲ್ಲಿ ಈ ಬಾಲವೇ ಎಲ್ಲ.

ಈಗ ಅಂಗಡಿಯ ಸರದಿ. ನಾನು ಹೆಚ್ಚಾಗಿ ಬಳಸಿದ್ದು ಹಳೆಯ ಬಾಕ್ಸರ್‌ಗಳಿಗೆ ಮಾತ್ರ ಮೀಸಲಾದ, ಅಂಚೆಯಲ್ಲಿ ಸರಕು ಕಳಿಸುವ ಒಂದು ಅಂಗಡಿಯನ್ನು. ಅವರ ದೊಡ್ಡ ಗುಣವೆಂದರೆ ಪ್ರತಿ ವಸ್ತುವಿನ ಎದುರು ಬಿಎಂಡಬ್ಲ್ಯು ನಂಬರಿನ ಜೊತೆಗೆ ಅದು ಎಲ್ಲಿಯದು ಎಂದೂ ಬರೆದಿರುತ್ತಾರೆ: ಕಾರ್ಖಾನೆಯದೋ, ಕಾರ್ಖಾನೆಗೆ ಒದಗಿಸುತ್ತಿದ್ದ ಮೂಲ ತಯಾರಕರದೋ, ಈಚೆಗೆ ಮಾಡಿಸಿದ ನಕಲೋ ಎಂದು. ಹಳೆಯ ಬೈಕುಗಳ ವ್ಯಾಪಾರದಲ್ಲಿ ಈ ಒಂದು ಕಾಲಮ್ಮು ಎಷ್ಟು ಅಪರೂಪ ಎಂಬುದು ಕೊಂಡವರಿಗೇ ಗೊತ್ತು. ಎಂಜಿನ್ ಭಾಗ ಕೇಳಿದಾಗ ಫ್ರೇಮ್ ನಂಬರು ಕೇಳಿದರು, ಪಿಸ್ಟನ್ ಕೇಳಿದಾಗ ಸಿಲಿಂಡರನ್ನು ಎಷ್ಟನೆಯ ಅಳತೆಗೆ ಬೋರ್ ಮಾಡಿಸಿದ್ದೀರಿ ಎಂದು ಕೇಳಿದರು, ಉತ್ತರ ತಡವಾದಾಗ ತಾವೇ ಫೋನು ಮಾಡಿದರು. ಪ್ಯಾಕಿಂಗ್ ಅಚ್ಚುಕಟ್ಟು, ಗಾಜಿನ ದೀಪವೂ ಒಡೆಯದೆ ಬಂತು. ದೂರದಿಂದ ಕೊಂಡ ವಸ್ತುವನ್ನು ಹದಿನಾಲ್ಕು ದಿನಗಳೊಳಗೆ ಹಿಂದಿರುಗಿಸುವ ಹಕ್ಕು ಯುರೋಪಿಯನ್ ಒಕ್ಕೂಟದ ಕಾನೂನಿನಲ್ಲೇ ಇದೆ. ಗೊಣಗದೆ ಅದನ್ನು ಪಾಲಿಸುವುದರಲ್ಲಿ ಅಂಗಡಿಯ ಮರ್ಯಾದೆ ಇದೆ, ಇವರು ಗೊಣಗಲಿಲ್ಲ.

ಇದೇ ಅಂಗಡಿ ಸ್ಪೀಡೋಮೀಟರಿನಲ್ಲಿ ಮಾತ್ರ ಎಡವಿತು. ಆರ್ 75/5ಕ್ಕೆ ಹೆಡ್‌ಲೈಟ್ ಬಟ್ಟಲಿನಲ್ಲೇ ಕೂರುವ ಮೀಟರನ್ನು ದುರಸ್ತಿ ಮಾಡಿಟ್ಟದ್ದು ಇದೆ ಎಂದರು, ಕಳಿಸಿದರು, ನೋಡಲು ಚೆನ್ನಾಗಿಯೇ ಇತ್ತು. ಆದರೆ ಬೈಕಿನ ಹಿಂದಿನ ಡ್ರೈವಿನ ಹಲ್ಲುಗಳ ಅನುಪಾತ ಎಷ್ಟು ಎಂದು ಯಾರೂ ಕೇಳಲಿಲ್ಲ. ಈ ಬೈಕುಗಳಲ್ಲಿ ಸ್ಪೀಡೋಮೀಟರಿನ ಕೇಬಲ್ಲು ಗೇರ್ ಬಾಕ್ಸಿನಿಂದ ಹೊರಡುವುದರಿಂದ, ಮುಖದ ಮೇಲೆ ಸಣ್ಣದಾಗಿ ಬರೆದಿರುವ ಡಬ್ಲ್ಯೂ ಸಂಖ್ಯೆ ಹಿಂದಿನ ಡ್ರೈವಿಗೆ ಹೊಂದಬೇಕು. ಒಂದು ಮೀಟರ್ ದೂರಕ್ಕೆ ಕೇಬಲ್ಲು ಎಷ್ಟು ಸುತ್ತು ತಿರುಗುತ್ತದೆ ಎಂಬುದೇ ಆ ಸಂಖ್ಯೆ. 32:10 ಹಲ್ಲಿನ ಡ್ರೈವಿಗೆ 0.737, ಆಮೇಲಿನ ವೇಗದ ಮಾದರಿಗಳ 33:11ಕ್ಕೆ 0.691. ಬಂದದ್ದು 0.691ರ ಮೀಟರು. ಹಾಕಿದ್ದರೆ ಗಂಟೆಗೆ ನೂರು ಕಿಲೋಮೀಟರ್ ಓಡುವಾಗ ನೂರೇಳರ ಹತ್ತಿರ ತೋರಿಸುತ್ತಿತ್ತು. ಹಲ್ಲಿನ ಲೆಕ್ಕವನ್ನು ಹಿಂದಿನ ಡ್ರೈವಿನ ಹೊರಮೈಯಲ್ಲೇ ಕೊರೆದಿರುತ್ತಾರೆ, ಕೊಳೆ ಒರೆಸಿದರೆ ಕಾಣುತ್ತದೆ. ಒಂದು ಪ್ರಶ್ನೆ ಕೇಳಿದ್ದರೆ ಎರಡು ಸಲ ಅಂಚೆ ಖರ್ಚು ಆಗುತ್ತಿರಲಿಲ್ಲ.

ನಕಲು ಭಾಗಗಳ ಗುಣಮಟ್ಟ ಒಂದೇ ಸಮನಾಗಿಲ್ಲ. ಸ್ಟೇನ್‌ಲೆಸ್ ಸ್ಟೀಲಿನ ಸಿಗಾರ್ ಆಕಾರದ ಸೈಲೆನ್ಸರುಗಳು ಮೂಲದ ಕ್ರೋಮಿನವುಗಳಿಗಿಂತ ಹೆಚ್ಚು ಬಾಳುತ್ತವೆ, ಆದರೆ ಬಿಸಿಗೆ ಬೇರೆ ಬಣ್ಣ ತಿರುಗುತ್ತವೆ. ರಬ್ಬರ್ ಭಾಗಗಳಲ್ಲಿ ನನಗೆ ತೃಪ್ತಿಯಿಲ್ಲ: ಡ್ರೈವ್ ಶಾಫ್ಟಿನ ಮುಂತುದಿಯ ರಬ್ಬರ್ ಬೂಟು ಕೈಗೆ ಸಿಕ್ಕಾಗಲೇ ಗಡುಸಾಗಿತ್ತು, ಒಂದು ಬೇಸಿಗೆ ದಾಟುವಷ್ಟರಲ್ಲಿ ಬಿರಿಯಿತು. ಅದೇ ಭಾಗವನ್ನು ಕಂಪನಿಯ ಕೌಂಟರಿನಲ್ಲಿ ಕೊಂಡದ್ದು ಮೆತ್ತಗೆ, ಸರಿಯಾಗಿ ಕೂತಿದೆ. ಎಣ್ಣೆ ತಡೆಯುವ ಯಾವ ರಬ್ಬರನ್ನೂ ನಕಲಿನಲ್ಲಿ ಕೊಳ್ಳಬೇಡಿ ಎನ್ನುವುದಕ್ಕೆ ನನಗೆ ಇಷ್ಟು ಸಾಕು. ದೀಪದ ಗಾಜು ಮತ್ತು ಇಂಡಿಕೇಟರುಗಳಲ್ಲಿ ಇನ್ನೊಂದು ಗುರುತು ನೋಡಬೇಕು. ಜರ್ಮನಿಯ ಫ್ಲೆನ್ಸ್‌ಬುರ್ಗ್‌ನಲ್ಲಿರುವ ವಾಹನ ಇಲಾಖೆ ಒಪ್ಪಿದ ಹಳೆಯ ಭಾಗಗಳ ಮೇಲೆ ಅಲೆಯಂಥ ಗೆರೆ, ಅದರ ಮುಂದೆ ಕೆ ಅಕ್ಷರ ಮತ್ತು ಒಂದು ಸಂಖ್ಯೆ ಇರುತ್ತದೆ. ಅಗ್ಗದ ನಕಲುಗಳಲ್ಲಿ ಈ ಗುರುತು ಇರುವುದಿಲ್ಲ, ಮತ್ತು ತಪಾಸಣೆಗೆ ಹೋದಾಗ ಇನ್‌ಸ್ಪೆಕ್ಟರರ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ತಪಾಸಣೆ ಎಂದದ್ದಕ್ಕೆ ಒಂದು ಮಾತು. ಮೊದಲ ನೋಂದಣಿಯಿಂದ ಮೂವತ್ತು ವರ್ಷ ದಾಟಿ, ಮೂಲ ಸ್ಥಿತಿಗೆ ಹತ್ತಿರವಿರುವ ವಾಹನಕ್ಕೆ ಜರ್ಮನಿಯಲ್ಲಿ 1997ರಿಂದ ಎಚ್ ಅಕ್ಷರದ ನಂಬರ್ ಪ್ಲೇಟು ಕೊಡುತ್ತಾರೆ. ಇದರಿಂದ ತೆರಿಗೆ ಉಳಿಯುತ್ತದೆ ಎಂದು ಬಿಡಿಭಾಗದ ಅಂಗಡಿಗಳು ಉತ್ಸಾಹದಿಂದ ಹೇಳುವುದುಂಟು, ಲೆಕ್ಕ ಹಾಕಿ ನೋಡಿದರೆ ಅಷ್ಟೇನೂ ಇಲ್ಲ. ಎಚ್ ಪ್ಲೇಟಿನ ಬೈಕಿಗೆ ವರ್ಷಕ್ಕೆ 46.02 ಯೂರೋ, ಸಾಮಾನ್ಯ ಲೆಕ್ಕದಲ್ಲಿ ಪ್ರತಿ 25 ಸಿಸಿಗೆ 1.84 ಯೂರೋ ಆದ್ದರಿಂದ ಆರ್ 60/2ಕ್ಕೆ 44.16 ಯೂರೋ ಮಾತ್ರ ಬೀಳುತ್ತದೆ, ಆರ್ 75/5ಕ್ಕೆ 55.20. ಚಿಕ್ಕ ಎಂಜಿನ್ನಿನವರಿಗೆ ಎಚ್ ಪ್ಲೇಟು ಮರ್ಯಾದೆಯ ವಿಷಯವೇ ಹೊರತು ಉಳಿತಾಯದ್ದಲ್ಲ, ಅದಕ್ಕಾಗಿ ದುಬಾರಿ ಮೂಲಭಾಗ ಕೊಳ್ಳಿರೆಂಬ ವಾದ ನಿಲ್ಲುವುದಿಲ್ಲ.

ಆರ್ 60/2ರ ಕ್ರ್ಯಾಂಕ್ ಶಾಫ್ಟು ಭಾಗದ ಪ್ರಶ್ನೆಯೇ ಅಲ್ಲ, ಕೈಚಳಕದ ಪ್ರಶ್ನೆ. 1969ಕ್ಕಿಂತ ಹಿಂದಿನ ಈ ಎಂಜಿನ್ನುಗಳಲ್ಲಿ ಪೇಪರ್ ಫಿಲ್ಟರ್ ಇಲ್ಲ. ಕ್ರ್ಯಾಂಕಿನ ಜೊತೆ ತಿರುಗುವ ಎರಡು ತಗಡಿನ ಬಟ್ಟಲುಗಳು ಎಣ್ಣೆಯ ಕೊಳೆಯನ್ನು ಅಂಚಿಗೆ ಎಸೆದು ಹಿಡಿದಿಡುತ್ತವೆ. ಅವು ತುಂಬಿದರೆ ಬೇರಿಂಗಿಗೆ ಎಣ್ಣೆ ಹೋಗುವುದಿಲ್ಲ, ತೆಗೆದು ತೊಳೆಯಬೇಕೆಂದರೆ ಕ್ರ್ಯಾಂಕನ್ನೇ ಹೊರತೆಗೆಯಬೇಕು. ಬಟ್ಟಲುಗಳು ಅಗ್ಗ, ಎಲ್ಲರಲ್ಲೂ ಸಿಗುತ್ತವೆ. ಒತ್ತಿ ಜೋಡಿಸಿದ ಕ್ರ್ಯಾಂಕನ್ನು ಬಿಚ್ಚಿ, ಮತ್ತೆ ಒತ್ತಿ, ನೇರ ಮಾಡಿ ಕೊಡುವ ಕೈಗಳು ಮಾತ್ರ ಕಡಿಮೆ, ಅವರ ಮುಂದಿನ ಸಾಲು ಉದ್ದ. ಬಟ್ಟಲು ತೊಳೆದ ದಾಖಲೆ ಇಲ್ಲದ ಎಂಜಿನ್ನನ್ನು ಯಾರಾದರೂ ಮಾರಿದರೆ ಆ ಕೆಲಸದ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತಾಡಬೇಕು.

ಕೊನೆಯದಾಗಿ ವೆಟೆರಾಮಾ. ವಸಂತದಲ್ಲಿ ಹಾಕನ್‌ಹೈಮ್ ರೇಸ್ ಟ್ರ್ಯಾಕಿನಲ್ಲಿ, ಅಕ್ಟೋಬರಿನಲ್ಲಿ ಮನ್ಹೈಮ್‌ನ ಮೈಮಾರ್ಕ್ಟ್ ಮೈದಾನದಲ್ಲಿ ನಡೆಯುವ ಈ ಸಂತೆಯಲ್ಲಿ ಹಳೆಯ ವಾಹನಗಳ ಭಾಗಗಳು ಟಾರ್ಪಾಲಿನ ಮೇಲೆ, ಮರದ ಪೆಟ್ಟಿಗೆಗಳಲ್ಲಿ, ವ್ಯಾನುಗಳ ಹಿಂದೆ ರಾಶಿ ಬಿದ್ದಿರುತ್ತವೆ. ಮಾರುವವರಲ್ಲಿ ವ್ಯಾಪಾರಿಗಳೂ ಇದ್ದಾರೆ, ತಂದೆಯ ಗ್ಯಾರೇಜು ಖಾಲಿ ಮಾಡಲು ಬಂದವರೂ ಇದ್ದಾರೆ. ಇಲ್ಲಿ ಪ್ರಶ್ನೆ ಕೇಳುವವನು ಗಿರಾಕಿಯೇ, ಉತ್ತರವನ್ನು ಕಂಡುಕೊಳ್ಳುವವನೂ ಅವನೇ. ಖಾಸಗಿ ಮಾರಾಟಗಾರರು ವಸ್ತುವಿನ ದೋಷಕ್ಕೆ ಹೊಣೆಯಿಲ್ಲ ಎಂದು ಹೇಳಿ ಮಾರಬಹುದು, ಕೊಂಡ ಮೇಲೆ ವಾಪಸು ಎಂಬ ಮಾತಿಲ್ಲ. ವರ್ನಿಯರ್ ಕ್ಯಾಲಿಪರ್, ಸಣ್ಣ ಆಯಸ್ಕಾಂತ, ಟಾರ್ಚು, ಬೈಕಿನ ನಂಬರುಗಳೆಲ್ಲ ಬರೆದ ಚೀಟಿ, ಸಾಧ್ಯವಾದರೆ ಹಾಳಾದ ಹಳೆಯ ಭಾಗವನ್ನೇ ಜೊತೆಗೆ ಒಯ್ಯಬೇಕು. ಆಯಸ್ಕಾಂತ ಪೆಟ್ರೋಲ್ ಟ್ಯಾಂಕಿನ ಮೇಲೆ ಎಲ್ಲಿ ಅಂಟುವುದಿಲ್ಲವೋ ಅಲ್ಲಿ ಬಣ್ಣದ ಕೆಳಗೆ ಪುಟ್ಟಿ ಇದೆ.

ಕಾರ್ಖಾನೆಯ ಕ್ಯಾಟಲಾಗಿನಲ್ಲಿ ಜಾಗವೇ ಇಲ್ಲದ ವಸ್ತುಗಳಿಗೆ ಈ ಸಂತೆಗಿಂತ ಒಳ್ಳೆಯ ಜಾಗವಿಲ್ಲ. ನ್ಯೂರೆಂಬರ್ಗ್‌ನ ಸ್ಟೈಬ್ ಸೈಡ್‌ಕಾರಿನ ಜೋಡಣೆಯ ಕೊಂಡಿಗಳು, ಹೊಸ್ಕೆ ಮತ್ತು ಹೈನ್ರಿಖ್ ಎಂಬ ತಯಾರಕರ ದೊಡ್ಡ ಪೆಟ್ರೋಲ್ ಟ್ಯಾಂಕುಗಳು, ಪಗುಸಾ ಸೀಟಿನ ಕಬ್ಬಿಣದ ಚೌಕಟ್ಟು, ಮಗುರಾ ಹೆಸರು ಕೊರೆದ ಲಿವರುಗಳು ಸಿಗುವುದು ಇಲ್ಲಿಯೇ, ಬೆಲೆ ಮಾತಾಡಿ ಇಳಿಸಬಹುದಾದದ್ದೂ ಇಲ್ಲಿಯೇ. ಆರ್ 75/5ಕ್ಕೆ 1972ರಲ್ಲಿ ಬಂದ, ಪಕ್ಕದಲ್ಲಿ ಕ್ರೋಮ್ ಫಲಕವಿರುವ ಸಣ್ಣ ಟ್ಯಾಂಕನ್ನು ಆಗ ಜನ ಮೆಚ್ಚಲಿಲ್ಲ. ಈಗ ಅದಕ್ಕಾಗಿಯೇ ಬೆಳಗಾಗುವ ಮೊದಲು ಬಂದು ಕಾಯುವವರಿದ್ದಾರೆ, ಅದರ ಬೆಲೆಯಲ್ಲಿ ಮಾತ್ರ ರಿಯಾಯಿತಿ ಕೇಳಿ ಪ್ರಯೋಜನವಿಲ್ಲ. ಹಿಂದಿನ ಡ್ರೈವ್ ಕೊಳ್ಳುವುದಾದರೆ ಚಕ್ರ ಕಚ್ಚಿಕೊಳ್ಳುವ ಹಲ್ಲುಗಳನ್ನು ಟಾರ್ಚು ಬಿಟ್ಟು ನೋಡಬೇಕು: ತುದಿ ಚಪ್ಪಟೆಯಾಗಿದ್ದರೆ ಇನ್ನೂ ಬಾಳಿಕೆ ಇದೆ, ಚೂಪಾಗಿದ್ದರೆ ಅದನ್ನು ಅಲ್ಲೇ ಬಿಟ್ಟು ಮುಂದಿನ ಟಾರ್ಪಾಲಿಗೆ ನಡೆಯಬೇಕು. ಬೇರಿಂಗು, ಆಯಿಲ್ ಸೀಲು, ಬ್ರೇಕ್ ಲೈನಿಂಗು, ಟಯರು, ವೈರಿಂಗು ಇವುಗಳನ್ನು ಮೂಲ ಪೊಟ್ಟಣದಲ್ಲೇ ಇದ್ದರೂ ಸಂತೆಯಲ್ಲಿ ಮುಟ್ಟಬಾರದು. ಅವಕ್ಕೆ ಡೀಲರ್ ಕೌಂಟರೋ ಮೊದಲು ಹೇಳಿದ ಅಂಗಡಿಯೋ ಸರಿ.